ತಡವರಿಸದೆ ಹೇಳಿದ ಹೆಸರು

ಅಮೆರಿಕದ ಅಯೋವಾ ಸೀಮೆಯ ಹೇಝಲ್ ಫೋರ್ಕ್ ಊರಿನ ದನದ ಮಾರುಕಟ್ಟೆಯಲ್ಲಿ ಓರಿನ್ ಹಾಲ್ವರ್ಸನ್ ನಲವತ್ತು ವರ್ಷ ಹರಾಜು ಕೂಗಿದ. ಕೊಳ್ಳುವುದೇನೂ ಇಲ್ಲದಿದ್ದರೂ ಅವನ ನಾಲಿಗೆಯ ಓಟ ಕೇಳುವುದಕ್ಕೆಂದೇ ರೈತರು ದೂರದೂರದಿಂದ ಬರುತ್ತಿದ್ದರು. ಯಾರಾದರೂ ಬೆನ್ನು ತಟ್ಟಿ, "ಈ ನಾಲಿಗೆ ಎಲ್ಲಿ ಸಂಪಾದಿಸಿದೆಯೋ ಮಾರಾಯ?" ಎಂದರೆ ಮಾತ್ರ ಟೋಪಿ ಕೆಳಗೆಳೆದುಕೊಂಡು, ಕಾಫಿ ತರುವ ನೆಪದಲ್ಲಿ ಎದ್ದುಹೋಗುತ್ತಿದ್ದ.

ಹದಿಮೂರು ತುಂಬುವವರೆಗೆ ಅವನು ಉಗ್ಗ. ತನ್ನ ಹೆಸರು ಹೇಳುವಷ್ಟರಲ್ಲಿ ಬೆವರಿಳಿಯುತ್ತಿತ್ತು. "ಓ-ಓ-ಓರಿನ್ ಬಂದ, ದಾರಿ ಬಿಡ್ರೋ, ಗಾಡಿ ಸ್ಟಾರ್ಟ್ ಆಗ್ತಿದೆ!" ಎಂದು ಶಾಲೆಯ ಹುಡುಗರು ಆಡಿಕೊಳ್ಳುತ್ತಿದ್ದರು. ಅವರ ಮೇಲೆ ಮುಷ್ಟಿ ಬಿಗಿದುಕೊಂಡು ಹೋಗುತ್ತಿದ್ದವನು ಪಕ್ಕದ ಮನೆಯ ರೂಫಸ್ ಒಬ್ಬನೇ. ರೂಫಸ್ ಮಾತಿನ ಮಲ್ಲ, ಪಾದ್ರಿಯನ್ನೂ ನಗಿಸಬಲ್ಲವನು. ಓರಿನ್ನನ ಬಾಯಿಂದ ತಡೆಯಿಲ್ಲದೆ ಬರುತ್ತಿದ್ದ ಒಂದೇ ಹೆಸರು ಅವನದು.

ಹದಿಮೂರು ತುಂಬಿದ ಆ ವರ್ಷ ಜೋಳದ ಕಟಾವಿನ ಹೊತ್ತಿಗೆ ಚರ್ಚಿನ ಆರ್ಗನ್ ವಾದ್ಯದ ಕೊಳವೆಗಳನ್ನು ಶ್ರುತಿ ಮಾಡಲು ಪರಸ್ಥಳದವನೊಬ್ಬ ಬಂದ. ಬೂದು ಕೋಟು, ಎಳೆಮಗುವಿನಂಥ ಕೈ. ಅವನಿಗೆಂದು ತಾಯಿ ಕೊಟ್ಟ ಮಧ್ಯಾಹ್ನದ ಊಟ ಹಿಡಿದು ಓರಿನ್ ಚರ್ಚಿಗೆ ಹೋದಾಗ, ಆತ ಹುಡುಗನ ಕತ್ತನ್ನೇ ನೋಡುತ್ತ ಹೇಳಿದ: "ಈ ಕೊಳವೆಯೂ ಕಟ್ಟಿಕೊಂಡಿದೆ ಮರಿ. ಬಿಡಿಸಿಕೊಡ್ಲಾ?"

ಓರಿನ್ ಹೂಂ ಎಂದು ತಲೆಯಾಡಿಸಿದ.

"ಆದ್ರೆ ಈ ಗಂಟನ್ನ ಗಾಳೀಲಿ ಬಿಸಾಕೋಕಾಗಲ್ಲ. ಇನ್ನೊಬ್ರ ಗಂಟಲಿಗೆ ಹಾಕ್ಬೇಕು. ಯಾರಿಗೆ ಅಂತ ನೀನೇ ಹೇಳು. ಒಂದು ಹೆಸರು. ತೊದಲಿದ್ರೆ ವ್ಯಾಪಾರ ಮುರೀತು."

ತನ್ನನ್ನು ಗೋಳುಹೊಯ್ದುಕೊಂಡ ಹುಡುಗರನ್ನೆಲ್ಲ ಓರಿನ್ ನೆನೆದ. ಅವರಲ್ಲಿ ಒಬ್ಬನ ಹೆಸರೂ ಅವನ ಬಾಯಲ್ಲಿ ಹೊರಳುತ್ತಿರಲಿಲ್ಲ. ಬಾಗಿಲು ತೆರೆದೇ ಇತ್ತು. ಆಚೆ ಬಿಸಿಲಲ್ಲಿ ಯಾರದೋ ನಾಯಿ ಮಲಗಿತ್ತು. ಸುಮ್ಮನೆ ಹೊರಟುಬಿಡಬಹುದಿತ್ತು.

"ರೂಫಸ್," ಎಂದ.

ಮನೆಗೆ ಹೋಗುವಾಗ ದಾರಿಯ ಅಂಗಡಿಗಳ ಬೋರ್ಡುಗಳನ್ನೆಲ್ಲ ಗಟ್ಟಿಯಾಗಿ ಓದಿದ. ಒಂದಕ್ಷರವೂ ಸಿಕ್ಕಿಕೊಳ್ಳಲಿಲ್ಲ. ಮರುದಿನ ತರಗತಿಯಲ್ಲಿ ಪಾಠ ಓದಲು ಎದ್ದ ರೂಫಸ್, ಮೊದಲ ಪದದಲ್ಲೇ ನಿಂತ. ಅವನ ಕುತ್ತಿಗೆಯ ನರ ಉಬ್ಬಿತು. ಹುಡುಗರು ನಕ್ಕರು. ಓರಿನ್ ಕೂಡ ನಕ್ಕ. ಆಮೇಲೆ ಚರ್ಚಿಗೆ ಓಡಿದ. ಬೂದು ಕೋಟಿನವನು ಊರು ಬಿಟ್ಟಾಗಿತ್ತು.

ರೂಫಸ್ ಶಾಲೆ ಬಿಟ್ಟು ಧಾನ್ಯದ ಉಗ್ರಾಣ ಸೇರಿದ. ಚೀಲ ಹೊಲಿಯಲು ಮಾತು ಬೇಕಿರಲಿಲ್ಲ. ಓರಿನ್ ಆ ಬೀದಿಯನ್ನೇ ತಪ್ಪಿಸಿ ಓಡಾಡಿದ.

ಅರವತ್ತೊಂದನೇ ವಯಸ್ಸಿನಲ್ಲಿ ಓರಿನ್ನನಿಗೆ ಊರವರು ಸನ್ಮಾನ ಮಾಡಿದರು. ಕೊನೆಯ ಸಾಲಿನಲ್ಲಿ ರೂಫಸ್ ಎದ್ದುನಿಂತು ಚಪ್ಪಾಳೆ ತಟ್ಟುತ್ತಿದ್ದುದು ಕಾಣಿಸಿತು. ಮರುದಿನ ಬೆಳಿಗ್ಗೆ ಓರಿನ್ ಉಗ್ರಾಣಕ್ಕೆ ಹೋಗಿ ಎಲ್ಲವನ್ನೂ ಹೇಳಿದ.

ರೂಫಸ್ ಸೂಜಿ ನಿಲ್ಲಿಸಲಿಲ್ಲ. "ಗೊ-ಗೊತ್ತು. ಅವನು ಮೊ-ಮೊದಲು ನನ್ನ ಹತ್ರಾನೇ ಬಂದಿದ್ದ. ಓ-ಓರಿನ್ನನ ಉಗ್ಗು ನೀನು ತ-ತಗೋತೀಯಾ ಅಂದ. ಹೂಂ ಅಂದೆ."

"ಹೂಂ ಅಂದ್ಯಾ?"

"ನ-ನಕ್ಕುಬಿಟ್ಟ. ನೀನಾಗೇ ತ-ತಗೊಂಡ್ರೆ ನಂಗೇನು ಲಾ-ಲಾಭ, ಅಂದ." ದಾರ ಕಡಿದು ತಲೆಯೆತ್ತಿದ. "ನಿನ್ನ ಕೊ-ಕೊಂದುಹಾಕ್ಬೇಕು ಅನ್ಸಿತ್ತು ಕಣೋ, ಎಷ್ಟೋ ವ-ವರ್ಷ. ಒಂದ್ಮಾತು ನ-ನನ್ನ ಕೇಳ್ಬಾರ್ದಿತ್ತಾ?"

ಓರಿನ್ನನಿಗೆ ನಿಂತ ನೆಲವೇ ಬೇಡವೆನಿಸಿತು. ರೂಫಸ್ ಇನ್ನೊಂದು ಚೀಲ ಎಳೆದು, "ಆ ತು-ತುದಿ ಹಿಡಿ," ಎಂದ.

ಓರಿನ್ ಹಿಡಿದ. ಹರಾಜು ಬಿಟ್ಟ ಮೇಲೂ ದಿನಾ ಹೋಗಿ ಹಿಡಿಯುತ್ತಿದ್ದ. ಒಮ್ಮೆ ಧಾನ್ಯ ತಂದ ರೈತರು, "ಯಾಕಪ್ಪಾ ಈ ಶಿಕ್ಷೆ?" ಎಂದು ಕೆಣಕಿದಾಗ, ಇದ್ದದ್ದನ್ನು ಇದ್ದಹಾಗೆ ಹೇಳಿದ. "ಇವನ ಕಥೆಗೆ ಕೊನೆಯಿಲ್ಲ ಬಿಡ್ರೋ!" ಎಂದು ಅವರು ಬಿದ್ದುಬಿದ್ದು ನಕ್ಕರು. ಮುಖ ಕೆಂಪಗಾದ ಓರಿನ್ ಮತ್ತೆ ಮೊದಲಿಂದ ಹೇಳತೊಡಗಿದ.