ಎರಡು ಲೈನುಗಳ ನಡುವೆ ಮಹಾದೇವಿಯ ಮಾತು

ಮಹಾದೇವಿ, ಆ ದಿನ ಸಂದರ್ಶನದಲ್ಲಿ ನಿನ್ನ ಮಾತು ತೊದಲಲಿಲ್ಲ. ಅದನ್ನು ತುಂಡು ತುಂಡು ಮಾಡಿದವನು ನಾನು. ಗೊತ್ತಿದ್ದೂ ತಪ್ಪನ್ನು ನಿನ್ನ ನಾಲಿಗೆಯ ಮೇಲೆ ಹೊರಿಸಿದೆ — ಇಷ್ಟು ವರ್ಷ ಹಾಗೆಯೇ ಬಿಟ್ಟೆ.

ತುರ್ಭೆಯ ಆ ಸಾಗಣೆ ಕಂಪನಿಯ ಗೋದಾಮಿನಲ್ಲಿ ನೀನು ಬಿಲ್ಲುಗಳನ್ನು ಕಂಪ್ಯೂಟರಿಗೆ ಹಾಕುತ್ತಿದ್ದೆ. ನಾನು ನೆಟ್‌ವರ್ಕ್ ನೋಡಿಕೊಳ್ಳುವವನು. ಉಡುಪಿ ಕಡೆಯವನು, ಡೊಂಬಿವಲಿಯಿಂದ ಲೋಕಲ್ ರೈಲು ಹಿಡಿದು ಬರುವವನು, ತನಗೆ ಗೊತ್ತಿಲ್ಲದ್ದೇ ಇಲ್ಲವೆಂದು ಬೀಗುತ್ತಿದ್ದವನು. ನೀನು ಕಲಬುರಗಿಯಿಂದ ಬಂದ ಹಮಾಲನ ಮಗಳು. ಜಗಳಕ್ಕೆ ನಿಂತರೆ ಲಾರಿ ಡ್ರೈವರುಗಳೇ ನಿನಗೆ ಕೈಮುಗಿಯುತ್ತಿದ್ದರು. ಗ್ರಾಹಕರೊಂದಿಗೆ ಮಾತನಾಡುವ ಕೆಲಸ ಸಿಕ್ಕರೆ ಅಪ್ಪನನ್ನು ಮೂಟೆ ಹೊರುವುದರಿಂದ ಬಿಡಿಸುತ್ತೇನೆ ಎಂದು ನೀನು ಹಟ ಹಿಡಿದು ಇಂಗ್ಲಿಷ್ ಕಲಿತಿದ್ದೆ.

ಆ ಕೆಲಸಕ್ಕೆ ಸಂದರ್ಶನ ಮಾಡುವವರು ನಮ್ಮ ಚೆನ್ನೈ ಕಚೇರಿಯವರು, ಇಂಟರ್ನೆಟ್ ಮೂಲಕ. ಅದು ಬರುತ್ತಿದ್ದುದು ರಸ್ತೆಯಾಚೆಯ ಮುಖ್ಯ ಕಟ್ಟಡಕ್ಕೆ. ಅಲ್ಲಿಂದ ನಮ್ಮ ಗೋದಾಮಿಗೆ ಎರಡು ಲೈನು — ಒಂದು ಹಳೆಯ, ನಿಧಾನದ ತಾಮ್ರದ ತಂತಿ. ಇನ್ನೊಂದು ಛಾವಣಿಯ ಮೇಲೆ ಹೊಸದಾಗಿ ಕೂರಿಸಿದ ವೇಗದ ವೈರ್‌ಲೆಸ್. ಎರಡನ್ನೂ ಸೇರಿಸಿ ಒಂದು ಮಾಡಿದರೆ ವೇಗ ಇನ್ನೂ ಹೆಚ್ಚುತ್ತದೆ ಎಂದು ಮ್ಯಾನೇಜರರ ಮುಂದೆ ಕೊಚ್ಚಿಕೊಂಡೆ. ಸೇರಿಸಿಯೂ ಬಿಟ್ಟೆ. ಎಲ್ಲರೂ ಭೇಷ್ ಅಂದರು. ಆದರೆ ಎರಡರ ವೇಗ ಒಂದೇ ಅಲ್ಲವಲ್ಲ — ಒಂದೇ ಮಾತಿನ ಅರ್ಧ ಫಾಸ್ಟ್ ಲೋಕಲ್ಲಿನಲ್ಲಿ, ಇನ್ನರ್ಧ ಸ್ಲೋ ಲೋಕಲ್ಲಿನಲ್ಲಿ ಹೊರಟಂತೆ. ಮೇಲ್, ಫೈಲುಗಳಾದರೆ ಹಿಂದುಳಿದ ತುಣುಕು ಬರುವವರೆಗೆ ಕಾಯುತ್ತವೆ. ಮಾತಿಗೆ ಆ ಪುರುಸೊತ್ತಿಲ್ಲ, ತಡವಾದ ತುಣುಕು ಬಿಟ್ಟೇಹೋಗುತ್ತದೆ.

ನಾನು ಬಾಗಿಲ ಬಳಿಯೇ ನಿಂತಿದ್ದೆ. ನೀನು ಸ್ಪಷ್ಟವಾಗಿ, ನಿಧಾನವಾಗಿ ಉತ್ತರಿಸುತ್ತಿದ್ದೆ. ಆ ಕಡೆಯವರು ಮತ್ತೆ ಮತ್ತೆ ಏನು, ಏನು ಎಂದು ಕೇಳುತ್ತಿದ್ದರು. ನೀನು ದನಿ ಏರಿಸಿದೆ, ಹೇಳಿದ್ದನ್ನೇ ಹೇಳಿದೆ, ಕೊನೆಗೆ ಕಣ್ಣು ತುಂಬಿಕೊಂಡು ತಲೆ ತಗ್ಗಿಸಿದೆ. ಮಾತಿನಲ್ಲಿ ಸ್ಪಷ್ಟತೆ ಇಲ್ಲ ಎಂದು ಅವರು ನಿನ್ನನ್ನು ಕೈಬಿಟ್ಟರು.

ನೀನು ಎದ್ದು ಹೋದ ಮೇಲೆ ಹಳೆಯ ತಂತಿಯನ್ನು ಕಿತ್ತು, ಅದೇ ಕುರ್ಚಿಯಲ್ಲಿ ನಾನೇ ಕುಳಿತು ಮಾತನಾಡಿ ನೋಡಿದೆ. ಒಂದಕ್ಷರವೂ ಒಡೆಯಲಿಲ್ಲ. ಆಗಲೇ ಚೆನ್ನೈಗೆ ತಪ್ಪು ನನ್ನದೆಂದು ಹೇಳಿದ್ದರೆ ನಿನ್ನನ್ನು ಮತ್ತೆ ಕರೆಯುತ್ತಿದ್ದರು. ಹೇಳಬೇಕೆಂದುಕೊಂಡೆ. ಭೇಷ್ ಅಂದವರೆಲ್ಲ ನಗುತ್ತಾರಲ್ಲ ಎಂದು ಹೇಳಲಿಲ್ಲ — ಅಷ್ಟೇ, ಅದಕ್ಕಿಂತ ದೊಡ್ಡ ಕಾರಣವೇನೂ ಇರಲಿಲ್ಲ.

ಮರುದಿನ ನೀನೇ ಬಂದು ಕೇಳಿದೆ: “ಅಣ್ಣಾರ, ಖರೇ ಹೇಳ್ರಿ, ನನ್ನ ಮಾತು ಅಷ್ಟು ಕೆಟ್ಟ ಅದ ಏನ್ರಿ?”

“ಹೆದರಿದ್ದಿ ಅಲ್ವಾ, ಅದಕ್ಕೇ ನಾಲಗೆ ತೊದಲಿದ್ದು. ಹೋಗ್ಲಿ ಬಿಡು ಮಾರಾಯ್ತಿ.”

ನಾನು ಹೇಳಿದ್ದು ಅಷ್ಟೇ. ನೀನು ನಂಬಿದೆ. ಡ್ರೈವರುಗಳ ಜೊತೆಗಿನ ಜಗಳ ನಿಂತಿತು, ಯಾರಾದರೂ ಕೇಳಿದರೆ ತಲೆಯಾಡಿಸುವುದಷ್ಟೇ. ಮದುವೆಯಾಗಿ ಕೆಲಸ ಬಿಟ್ಟೆ. ನನಗೆ ಬಡ್ತಿ ಬಂತು. ನಿನ್ನ ಅಪ್ಪ ಅದೇ ಗೋದಾಮಿನಲ್ಲಿ ನನ್ನ ಕಣ್ಣೆದುರೇ ಮೂಟೆ ಹೊರುತ್ತಿದ್ದರು. ಅವರು ನಮಸ್ಕಾರ ಮಾಡಿದಾಗಲೆಲ್ಲ ನಾನು ಫೋನು ಬಂದವನಂತೆ ನಟಿಸುತ್ತಿದ್ದೆ.

ಮೊನ್ನೆ ತಂಗಿಯ ಮಗನಿಗಾಗಿ ನೆರೂಳದ ಶಾಲೆಯಲ್ಲಿ ಪಾಲಕರ ಸಭೆಗೆ ಹೋಗಿದ್ದೆ. ನೀನೂ ಬಂದಿದ್ದೆ, ಮಗಳ ಕೈ ಹಿಡಿದು. ನನ್ನನ್ನು ಕಂಡು ನಕ್ಕೆ. ಟೀಚರ್ ನಿನ್ನನ್ನು ಏನೋ ಕೇಳಿದರು. ನೀನು ಬಾಯಿ ತೆರೆಯುವ ಮೊದಲೇ ಮಗಳು ಮುಂದೆ ಬಂದಳು.

“ಟೀಚರ್, ಮಮ್ಮೀ ಕೋ ಬೋಲ್ನಾ ನಹೀ ಆತಾ. ಮೈ ಬೋಲ್ತೀ ಹೂಂ.”

ಅಮ್ಮನಿಗೆ ಮಾತಾಡಲು ಬರುವುದಿಲ್ಲವಂತೆ, ತಾನೇ ಮಾತಾಡುತ್ತಾಳಂತೆ. ನೀನು ಹೌದೆಂದು ತಲೆಯಾಡಿಸಿದೆ — ಬೇಸರವೂ ಇಲ್ಲದೆ, ಗೊತ್ತಿರುವ ಸಂಗತಿ ಎಂಬಂತೆ. ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ನಾನು ಆಗಲೂ ಏಳಲಿಲ್ಲ.

ಇದನ್ನು ನಿನ್ನೆದುರು ಹೇಳುತ್ತೇನೆ, ನಿನ್ನ ಮಗಳನ್ನೂ ಪಕ್ಕದಲ್ಲಿ ಕೂರಿಸಿಕೊಂಡು. ಕ್ಷಮಿಸು ಎಂದು ಕೇಳುವುದಿಲ್ಲ. ಅವಳಿಗೆ ಇದೊಂದು ತಿಳಿಯಬೇಕು — ಅವಳ ಅಮ್ಮನಿಗೆ ಮಾತಾಡಲು ಬರುತ್ತಿತ್ತು. ಬಹಳ ಚೆನ್ನಾಗಿ ಬರುತ್ತಿತ್ತು.