ನೂರಿಪ್ಪತ್ತು ಗಜದ ಮನೆ

ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ತುಳಜಾಬಾಯಿ ಹುಮನಾಬಾದಿನ ತಮ್ಮ ಮನೆಯ ಪಡಸಾಲೆಯಲ್ಲಿ ಕೂತು ಯಾರದೋ ಕೂಸಿಗೆ ಕೌದಿ ಹೊಲಿಯುತ್ತಿದ್ದರು. ಹಳೆ ಸೀರೆಗಳನ್ನು ಒಂದೊಂದು ಫೂಟಿನ ಚೌಕ ತುಕಡಿಗಳಾಗಿ ಕತ್ತರಿಸಿ ಜೋಡಿಸುವುದು ಅವರ ನಲವತ್ತು ವರ್ಷದ ಕಸುಬು. ಶಾಲೆಗೆ ಹೋದದ್ದು ಎರಡೇ ವರ್ಷ.

ಹಿಂದಿನ ಗಲ್ಲಿಯಲ್ಲಿ ಚರಂಡಿ ಕಟ್ಟಲಿರುವ ಗುತ್ತಿಗೆದಾರನ ಅಳತೆಗಾರ ಧನರಾಜ ಟೇಪು ಹಿಡಿದು ಒಳಬಂದ. ಸೊಸೆ ಮನೀಷಾ ಟ್ರಂಕಿನಿಂದ ಮನೆಯ ಹಳೆ ಕಾಗದ ತಂದುಕೊಟ್ಟಳು. ಜಾಗ ನೂರಿಪ್ಪತ್ತು ಗಜ, ಮುಂಭಾಗ ಇಪ್ಪತ್ನಾಲ್ಕು ಫೂಟು. ಉದ್ದ ಬರೆದಿದ್ದ ಮೂಲೆಯನ್ನು ಗೆದ್ದಲು ತಿಂದಿತ್ತು. ಧನರಾಜ ಮೊಬೈಲಿನಲ್ಲಿ ಲೆಕ್ಕ ಮಾಡಿ, ತಲಬಾಗಿಲಿನಿಂದ ಟೇಪು ಎಳೆದು, ಅಡುಗೆಮನೆಯ ಹೊಸ್ತಿಲಿಗೆ ಕೆಂಪು ಗೆರೆ ಹಾಕಿದ.

“ಹದಿನೈದು ಫೂಟಿಗೆ ನಿಮ್ಮ ಜಾಗಾ ಮುಗೀತ್ರಿ ಅವ್ವಾ. ಇಲ್ಲಿಂದ ಹಿಂದ ಎಲ್ಲಾ ಗಲ್ಲಿದು. ನಾಳೆ ಮುಂಜಾನೆ ಜೆಸಿಬಿ ಬರ್ತದ, ಸಾಮಾನ ತೆಗೀರಿ.”

ಸೂಜಿ ಬೆರಳಿಗೆ ಚುಚ್ಚಿತು. ಗೆರೆಯ ಆಚೆ ಒಲೆ, ಮಗ-ಸೊಸೆ ಮಲಗುವ ಕೋಣೆ, ಬಚ್ಚಲು ಇದ್ದವು.

“ಹದಿನೈದು ಹ್ಯಾಂಗ ಬಂತಪ್ಪಾ?”

“ಗಜಕ್ಕ ಮೂರು ಫೂಟು. ನೂರಿಪ್ಪತ್ತಕ್ಕ ಮುನ್ನೂರಾ ಅರವತ್ತು. ಅದನ್ನ ಇಪ್ಪತ್ನಾಲ್ಕರಿಂದ ಭಾಗಿಸ್ರಿ. ನಾ ಡಿಪ್ಲೊಮಾ ಮಾಡೀನ್ರಿ, ಕೌದಿ ಹೊಲ್ದು ಕಲಿತ ಲೆಕ್ಕ ಅಲ್ಲ ಇದು.”

ತುಳಜಾಬಾಯಿ ಕೂಸಿನ ಕೌದಿಯನ್ನು ನೆಲಕ್ಕೆ ಹಾಸಿದರು. ಉದ್ದ ಒಂದು ಗಜ, ಅಗಲ ಒಂದು ಗಜ.

“ಜಾಗದ ಗಜ ಅಂದ್ರ ಹಿಂಗ ಹಾಸಿದ್ದಲ್ಲೇನು? ನೀ ಹಗ್ಗ ಅಳದಂಗ ಬರೇ ಉದ್ದ ಅಳ್ಯಾಕತ್ತಿ. ಎಣಸು, ಎಷ್ಟು ತುಕಡಿ ಅವ?”

ಧನರಾಜ ಬಗ್ಗಿದ. ಸಾಲಿಗೆ ಮೂರು, ಅಂಥ ಮೂರು ಸಾಲು. “ಒಂಬತ್ತು,” ಎಂದವನ ದನಿ ಇಳಿದಿತ್ತು.

ಹಾಗಾದರೆ ನೂರಿಪ್ಪತ್ತು ಗಜಕ್ಕೆ ಸಾವಿರದ ಎಂಬತ್ತು ತುಕಡಿ. ಮನೆಯ ಅಗಲಕ್ಕೆ ಸಾಲಿಗೆ ಇಪ್ಪತ್ನಾಲ್ಕು. ಅವರು ಬೆರಳು ಮಡಚುತ್ತ ಹೋದರು: ಹತ್ತು ಸಾಲಿಗೆ ಇನ್ನೂರ ನಲವತ್ತು, ನಲವತ್ತು ಸಾಲಿಗೆ ಒಂಬೈನೂರ ಅರವತ್ತು. ಉಳಿದ ನೂರಿಪ್ಪತ್ತಕ್ಕೆ ಇನ್ನೈದು ಸಾಲು.

ಉತ್ತರ ಸಿಕ್ಕ ಮೇಲೂ ಎದೆ ಹಗುರಾಗಲಿಲ್ಲ. ಹಿಂದಿನ ಗೋಡೆಯನ್ನು ತೀರಿಕೊಂಡ ಗಂಡ ಹೆಜ್ಜೆಯಿಂದ ಅಳೆದು ಕಟ್ಟಿಸಿದ್ದರು. ಅದು ಗಲ್ಲಿಯೊಳಗೆ ದಾಟಿ ಹೋಗಿದ್ದರೆ, ಕೆಡವುವ ಮಾತು ತಮ್ಮ ಬಾಯಿಂದಲೇ ಬಂದಂತೆ. ಆದರೂ ಬಂದ ಉತ್ತರವನ್ನು ಗಟ್ಟಿಯಾಗಿ ಹೇಳಿದರು. ಧನರಾಜ ಟೇಪನ್ನು ಹಿಂದಿನ ಗೋಡೆಯವರೆಗೆ ಎಳೆದ. ತುಳಜಾಬಾಯಿ ಕಣ್ಣು ಮುಚ್ಚಿಕೊಂಡರು.

“ನಲವತ್ನಾಲ್ಕೂವರಿ ಅದ್ರಿ ಅತ್ತಿ! ಅರ್ಧ ಫೂಟು ಒಳಗೇ ಅದ!” ಎಂದು ಮನೀಷಾ ಓದಿದಳು. ಧನರಾಜ ತಾನೇ ಹಾಕಿದ ಕೆಂಪು ಗೆರೆಯನ್ನು ಚಪ್ಪಲಿಯಿಂದ ಉಜ್ಜಿದ.

ಈಗಲೂ ಓಣಿಯಲ್ಲಿ ಜೆಸಿಬಿ ಸದ್ದಾದರೆ ತುಳಜಾಬಾಯಿಯ ಕೈಯಲ್ಲಿ ಸೂಜಿ ನಿಲ್ಲುತ್ತದೆ. ಅಂದು ಟೇಪು ಎಳೆಯುವ ಮುಂಚೆ ಹೇಳಿದ್ದನ್ನೇ ತುಟಿ ಮತ್ತೆ ಹೇಳುತ್ತದೆ: “ನಲವತ್ತೈದು ಫೂಟು.”