ಭುಜದ ಫಾರ್ಮಿನಲ್ಲಿ ತಲೆಯ ಮಾತು

2007ರಲ್ಲಿ ನಾನು ದೋಹಾದ ಅಲ್ ಸದ್ದ್‌ನ ಒಂದು ಖಾಸಗಿ ಕ್ಲಿನಿಕ್ಕಿನಲ್ಲಿ ಸೀನಿಯರ್ ಫಿಸಿಯೋಥೆರಪಿಸ್ಟ್ ಆಗಿದ್ದೆ. ಕತಾರಿಗೆ ಬಂದು ಹನ್ನೊಂದು ವರ್ಷವಾಗಿತ್ತು. ಬೆಳಿಗ್ಗೆ ಎಂಟರಿಂದ ಹನ್ನೆರಡು, ಸಂಜೆ ನಾಲ್ಕರಿಂದ ಎಂಟು, ಹೀಗೆ ಎರಡು ಹೊತ್ತಿನ ಡ್ಯೂಟಿ. ದಿನಕ್ಕೆ ಹದಿನೆಂಟು ರೋಗಿಗಳು. ಏಷ್ಯನ್ ಗೇಮ್ಸ್ ಮುಗಿದಿದ್ದರೂ ಊರು ಅಗೆಯುವುದು ಮುಗಿದಿರಲಿಲ್ಲ. ಹಾಗಾಗಿ ಬರುವವರೆಲ್ಲ ಮೇಸ್ತ್ರಿಗಳ ಭುಜ, ಲಾರಿ ಚಾಲಕರ ಸೊಂಟ, ಆಫೀಸಿನವರ ಕುತ್ತಿಗೆ. ಬೇರೆಯವರ ನೋವು ಒತ್ತಿ ಒತ್ತಿ ಸಂಜೆಯ ಪಾಳಿ ಶುರುವಾಗುವ ಹೊತ್ತಿಗೇ ನನ್ನ ಹೆಬ್ಬೆರಳುಗಳು ನೋಯುತ್ತಿದ್ದವು. ಆ ಕಾಲದಲ್ಲಿ ನನಗೆ ರೋಗಿಗಳ ಹೆಸರು ನೆನಪಿರುತ್ತಿರಲಿಲ್ಲ, ಕೀಲುಗಳು ನೆನಪಿರುತ್ತಿದ್ದವು ಎಂದು ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ.

ಮಾರ್ಚ್ ತಿಂಗಳಲ್ಲಿ ಮಾರೆಕ್ ಬಂದ. ಸ್ಲೊವಾಕಿಯಾದವನು, ವಯಸ್ಸು ಮೂವತ್ತಾರು, ಆರಡಿ ಮೂರಂಗುಲ ಎತ್ತರ. ಬಲಗೈ ಜೋಳಿಗೆಯಲ್ಲಿತ್ತು. ಭುಜದ ಕೀಲು ತಪ್ಪಿ, ಆಸ್ಪತ್ರೆಯಲ್ಲಿ ಕೂರಿಸಿ, ಮೂರು ವಾರ ಕಟ್ಟಿಟ್ಟು ನಮ್ಮಲ್ಲಿಗೆ ಕಳಿಸಿದ್ದರು. ಕೆಲಸವೇನೆಂದು ಕೇಳಿದರೆ ಐಸ್ ಹಾಕಿ ಆಟ ಎಂದ. ಬೇಸಿಗೆ ಬಂದರೆ ನಲವತ್ತು ಡಿಗ್ರಿ ದಾಟುವ ಊರಿನಲ್ಲಿ ಇದೆಂಥ ಉತ್ತರ ಎಂದು ಮುಖ ನೋಡಿದೆ. ಒಂದು ಮಾಲಿನೊಳಗೆ ಮಂಜುಗಡ್ಡೆಯ ಅಂಗಳವಿತ್ತು. ಅಲ್ಲಿ ಮಕ್ಕಳಿಗೆ ಕೋಚ್ ಆಗಿ ಅವನು ಎರಡು ವರ್ಷದ ಹಿಂದೆ ಬಂದಿದ್ದ.

ಹೊಸ ರೋಗಿ ಬಂದಾಗ ನಾವು ಬಾಡಿ ಚಾರ್ಟ್ ತುಂಬಿಸುತ್ತೇವೆ. ಕಾಗದದ ಮೇಲೆ ಮನುಷ್ಯದೇಹದ ಗೆರೆಚಿತ್ರವಿರುತ್ತದೆ, ಹಳೆಯ ಗಾಯಗಳನ್ನು ಅದರ ಮೇಲೆ ಕೆಂಪು ಪೆನ್ನಿನಲ್ಲಿ ಗುರುತಿಸಬೇಕು. ಅವನು ಹೇಳುತ್ತ ಹೋದ, ನಾನು ಗುರುತಿಸುತ್ತ ಹೋದೆ. ಎಡ ಕಾಲರ್ ಬೋನ್ ಎರಡು ಸಲ. ಪಕ್ಕೆಲುಬು ನಾಲ್ಕು. ಬಲ ಮೊಣಕಾಲಿನ ಲಿಗಮೆಂಟ್. ದವಡೆಯಲ್ಲಿ ಲೋಹದ ಪಟ್ಟಿ. ಬೆರಳುಗಳದು ಅವನಿಗೇ ನೆನಪಿರಲಿಲ್ಲ. ಮುಂದಿನ ಐದು ಹಲ್ಲು ಕಟ್ಟಿಸಿದ್ದು.

"ತಲೆ?" ಎಂದು ಕೇಳಿದೆ.

"ತಲೆಗೆ ಬಿದ್ದದ್ದನ್ನು ನಾವು ಗಾಯ ಅನ್ನುವುದಿಲ್ಲ" ಎಂದ. ನಾನೂ ತಲೆಯ ಜಾಗವನ್ನು ಖಾಲಿ ಬಿಟ್ಟೆ.

ಅವನು ಆಡುತ್ತಿದ್ದುದು ಡಿಫೆನ್ಸ್‌ಮನ್ ಜಾಗದಲ್ಲಿ. ಈ ಆಟದಲ್ಲಿ ಗೋಲ್ ಕೀಪರನ ಮುಂದೆ ಇಬ್ಬರು ಇರುತ್ತಾರೆ. ನುಗ್ಗಿ ಬರುವವನನ್ನು ಮೈಯಿಂದ ಗುದ್ದಿ ಗೋಡೆಗೆ ಒತ್ತುವುದು, ಗಟ್ಟಿ ರಬ್ಬರಿನ ಬಿಲ್ಲೆ ಗೋಲಿನತ್ತ ಹಾರಿ ಬಂದರೆ ಅಡ್ಡ ಬೀಳುವುದು ಅವರ ಕೆಲಸ. ಹತ್ತೊಂಬತ್ತನೇ ವಯಸ್ಸಿನಲ್ಲಿ ತನ್ನ ಊರಿನ ಕ್ಲಬ್ಬಿನಲ್ಲಿ ಶುರುಮಾಡಿ, ಜರ್ಮನಿಯ ಎರಡನೇ ದರ್ಜೆಯ ಲೀಗು, ಇಟಲಿಯ ಒಂದು ಬೆಟ್ಟದೂರು, ಪೋಲೆಂಡು ಎಂದು ಹದಿನಾಲ್ಕು ಸೀಸನ್ ಆಡಿದ್ದ. ಹೊಡೆದ ಗೋಲು ಮೂವತ್ತೊಂದು.

"ಅಷ್ಟೇನಾ?" ಎಂದುಬಿಟ್ಟೆ.

"ನನ್ನ ಕೆಲಸ ಏನೂ ಆಗದ ಹಾಗೆ ನೋಡಿಕೊಳ್ಳುವುದು. ಏನೂ ಆಗದಿದ್ದರೆ ಅದನ್ನು ಯಾರು ಬರೆದಿಡುತ್ತಾರೆ?" ಎಂದ.

ಅಷ್ಟು ವರ್ಷ ವೃತ್ತಿಪರ ಆಟಗಾರರ ಕೈಯಲ್ಲಿ ಗುದ್ದಿಸಿಕೊಂಡವನ ಭುಜ ಕೊನೆಗೆ ತಪ್ಪಿದ್ದು, ಶುಕ್ರವಾರದ ರಜೆಯಲ್ಲಿ ಹವ್ಯಾಸಕ್ಕೆ ಆಡುವ ದಪ್ಪ ಮನುಷ್ಯನೊಬ್ಬ ವೇಗ ತಡೆಯಲಾಗದೆ ಮೈಮೇಲೆ ಬಿದ್ದದ್ದರಿಂದ. ಅದನ್ನು ಹೇಳುವಾಗಲೂ ಅವನು ನಗಲಿಲ್ಲ.

ಮೊದಲ ದಿನ ಬಲಗೈ ಎಪ್ಪತ್ತು ಡಿಗ್ರಿಗಿಂತ ಮೇಲೇಳುತ್ತಿರಲಿಲ್ಲ. ಪೂರ್ತಿ ಎತ್ತಿದರೆ ನೂರ ಎಂಬತ್ತು. ವಾರಕ್ಕೆ ಮೂರು ದಿನ ಸಂಜೆ ನಾಲ್ಕಕ್ಕೆ ಬರುತ್ತಿದ್ದ. ಹೇಳಿದ ವ್ಯಾಯಾಮಗಳನ್ನು ಮನೆಯಲ್ಲಿ ಹೇಳಿದಷ್ಟೇ ಸಲ ಮಾಡುವ ರೋಗಿ ನೂರಕ್ಕೆ ಒಬ್ಬ ಸಿಗುತ್ತಾನೆ. ಇವನು ಆ ಒಬ್ಬ. ಆರನೇ ವಾರಕ್ಕೆ ನೂರ ನಲವತ್ತಾಯಿತು.

ಆದರೆ ಭುಜದ ಆಚೆಗೆ ಕೆಲವು ಸಂಗತಿಗಳಿದ್ದವು. ಒಳಗೆ ಬಂದರೂ ಕಪ್ಪು ಕನ್ನಡಕ ತೆಗೆಯುತ್ತಿರಲಿಲ್ಲ, ಟ್ಯೂಬ್‌ಲೈಟ್ ಆರಿಸಲು ಹೇಳುತ್ತಿದ್ದ. ಹೇಳಿದ ಕಥೆಯನ್ನೇ ಹತ್ತು ನಿಮಿಷ ಬಿಟ್ಟು ಮತ್ತೆ ಮೊದಲಿನಿಂದ ಹೇಳುತ್ತಿದ್ದ. ಒಂದು ಸೋಮವಾರ ಬರಬೇಕಾದವನು ಮಂಗಳವಾರ ಬಂದು ಇವತ್ತೇ ಸೋಮವಾರ ಎಂದು ವಾದಿಸಿದ. ಸ್ಕೇಟಿಂಗ್ ಮಾಡುವವನಲ್ಲವೇ ಎಂದು ಏಳನೇ ವಾರ ಬ್ಯಾಲೆನ್ಸ್ ಪರೀಕ್ಷೆ ಮಾಡಿದೆ. ಕಣ್ಣು ಮುಚ್ಚಿ ಒಂಟಿಕಾಲಲ್ಲಿ ನಿಲ್ಲಬೇಕು. ಆ ವಯಸ್ಸಿನವರು ಹತ್ತು ಸೆಕೆಂಡಾದರೂ ನಿಲ್ಲುತ್ತಾರೆ. ಜನ್ಮವಿಡೀ ಮಂಜಿನ ಮೇಲೆ ನಿಂತವನು ನಾಲ್ಕನೇ ಸೆಕೆಂಡಿಗೆ ಗೋಡೆಯತ್ತ ವಾಲಿದ. ಮೂರು ಬೇರೆ ಬೇರೆ ದಿನ ಮಾಡಿಸಿದೆ. ಪ್ರತಿ ಸಲವೂ ಅದೇ.

ನನಗೆ ಅನುಮಾನ ಬಂದದ್ದು ಕನ್‌ಕಷನ್ ಬಗ್ಗೆ. ತಲೆಗೆ ಬಲವಾದ ಪೆಟ್ಟು ಬಿದ್ದಾಗ ಮೆದುಳು ಬುರುಡೆಯೊಳಗೇ ಅಲುಗಿ ಆಗುವ ಆಘಾತ ಅದು. ಎಕ್ಸ್-ರೇಯಲ್ಲಿ ಕಾಣುವುದಿಲ್ಲ. ಮೇಲಿಂದ ಮೇಲೆ ಆದರೆ ಪರಿಣಾಮ ಉಳಿದುಬಿಡುತ್ತದೆ. ಆದರೆ ಅದು ನ್ಯೂರಾಲಜಿಸ್ಟ್ ಹೇಳಬೇಕಾದ ಮಾತು, ನಾನು ಭುಜಕ್ಕೆ ನೇಮಕವಾದವನು. ಸುಮ್ಮನಿದ್ದೆ.

ಅಷ್ಟರಲ್ಲಿ ಅವನ ಊರಿನ ಕ್ಲಬ್ಬಿನಿಂದ ಪತ್ರ ಬಂತು. ತಂಡದಲ್ಲಿ ಎಲ್ಲರೂ ಎಳೆಯರು, ಒಂದು ಸೀಸನ್ ಮಟ್ಟಿಗೆ ಅನುಭವಸ್ಥನೊಬ್ಬ ಬೇಕು, ಫಿಟ್‌ನೆಸ್ ಫಾರ್ಮು ತುಂಬಿಸಿ ಕಳಿಸು ಎಂದು. ಆ ದಿನ ಅವನು ಮೊದಲ ಬಾರಿಗೆ ಕನ್ನಡಕ ತೆಗೆದು ಮಾತಾಡಿದ.

"ಸುಧಾ," ಎಂದ. ನನ್ನ ಸುಧಾಕರ ಅವನ ಬಾಯಲ್ಲಿ ಅಷ್ಟಕ್ಕೇ ನಿಲ್ಲುತ್ತಿತ್ತು. "ಇದು ನಿನ್ನ ಕೊನೆಯ ಆಟ ಅಂತ ನನಗೆ ಯಾರೂ ಹೇಳಲಿಲ್ಲ. ಬೇಸಿಗೆಯಲ್ಲಿ ಕ್ಲಬ್ಬಿನಿಂದ ಫೋನ್ ಬರಬೇಕು. ಬರಲಿಲ್ಲ. ಮುಗಿಯಿತು ಅಂತ ನಾನೇ ತಿಳಿದುಕೊಳ್ಳಬೇಕಾಯಿತು. ಒಂದು ಸಲ ಗೊತ್ತಿದ್ದೇ ಮುಗಿಸಬೇಕು."

ಮೇ ಮಧ್ಯದಲ್ಲಿ ಒಂದು ಸಂಜೆ ಅವನ ಚಿಕಿತ್ಸೆ ಮುಗಿಸಿ ಕಳಿಸಿ ಮುಂದಿನವರನ್ನು ನೋಡುತ್ತಿದ್ದೆ. ನಮ್ಮ ಎಕ್ಸ್-ರೇ ಟೆಕ್ನಿಷಿಯನ್ ಹಂಝ ಪರದೆ ಸರಿಸಿ ತಲೆ ಹಾಕಿದ. ಉಳ್ಳಾಲದ ಬ್ಯಾರಿ, ನನಗಿಂತ ಆರು ವರ್ಷ ಚಿಕ್ಕವನು.

"ಸುಧಾಕರಣ್ಣ, ನಿಮ್ಮ ಆ ಐಸಿನ ಮನುಷ್ಯ ಕೆಳಗೆ ಕಾರಲ್ಲೇ ಕೂತಿದ್ದಾನೆ ಮಾರಾಯ್ರೆ. ನಾನು ಚಾ ತರ್ಲಿಕ್ಕೆ ಹೋಗುವಾಗ್ಲೂ ಇದ್ದ, ಬರುವಾಗ್ಲೂ ಇದ್ದಾನೆ. ಎಂತದ್ದೋ ಸರಿ ಇಲ್ಲ."

ಇಳಿದು ಹೋದೆ. ಎಂಜಿನ್ ಓಡುತ್ತಿತ್ತು, ಎ.ಸಿ. ಹಾಕಿತ್ತು. ಎರಡೂ ಕೈ ಸ್ಟಿಯರಿಂಗಿನ ಮೇಲಿದ್ದವು. ಗಾಜು ತಟ್ಟಿದಾಗ ಇಳಿಸಿದ.

"ಮನೆಗೆ ಹೋಗಲಿಲ್ಲವಾ?"

"ಹೋಗುತ್ತೇನೆ" ಎಂದ. ರಸ್ತೆಯತ್ತ ನೋಡಿ, "ಇಲ್ಲಿಂದ ಎಡಕ್ಕಾ, ಬಲಕ್ಕಾ?" ಎಂದು ಕೇಳಿದ.

ಉಳಿದ ರೋಗಿಗಳಿಗೆ ನಾಳೆ ಬರಲು ಹೇಳುವಂತೆ ಹಂಝನಿಗೆ ತಿಳಿಸಿ, ದಾಖಲೆಯಲ್ಲಿದ್ದ ವಿಳಾಸ ಹಿಡಿದು ಮಾರೆಕ್‌ನ ಕಾರನ್ನು ನಾನೇ ಓಡಿಸಿಕೊಂಡು ಅವನ ಬಡಾವಣೆ ಮುಐದರ್‌ಗೆ ಹೊರಟೆ. ದಾರಿ ಅವನಿಗೆ ಅರ್ಧಕ್ಕೆ ಬಂದಮೇಲೆ ನೆನಪಾಯಿತು. ಹಂಚಿಕೊಂಡ ವಿಲ್ಲಾದ ಒಂದು ಭಾಗದಲ್ಲಿ ಅವರ ಮನೆ. ಹೆಂಡತಿ ಜುಜಾನಾ ನರ್ಸರಿ ಶಾಲೆಯಲ್ಲಿ ಟೀಚರ್. ಅವನನ್ನು ಒಳಗೆ ಮಲಗಿಸಿ ಬಂದು, ನನ್ನನ್ನು ಕೂರಿಸದೆ ಬಾಗಿಲಲ್ಲೇ ನಿಂತು ಮಾತಾಡಿದಳು.

"ಇದು ಮೂರನೇ ಸಲ. ಒಮ್ಮೆ ಗ್ಯಾಸ್ ಉರಿಯುತ್ತ ಬಿಟ್ಟು ಹೋಗಿದ್ದ. ಕ್ಲಬ್ಬಿಗೆ ಹೋಗಬೇಡ ಅಂತ ನಾನು ಹೇಳಿದರೆ, ನನ್ನ ಆಟ ನಿಲ್ಲಿಸಿದವಳು ನೀನೇ ಅನ್ನುವ ಹಾಗೆ ಸಾಯುವವರೆಗೆ ನನ್ನನ್ನು ನೋಡುತ್ತಾನೆ. ಬಾಯಿಬಿಟ್ಟು ಹೇಳಲಿಕ್ಕಿಲ್ಲ, ನೋಡುತ್ತಾನೆ. ಫಾರ್ಮಿನಲ್ಲಿ ನೀವು ಬರೆಯಿರಿ. ನಾನು ಹೇಳಿದ್ದು ಅಂತ ಗೊತ್ತಾಗಬಾರದು."

ನಾನು ಏನೂ ಒಪ್ಪಿಕೊಳ್ಳದೆ ಟ್ಯಾಕ್ಸಿ ಹಿಡಿದು ವಾಪಸಾದೆ.

ಮರುದಿನ ಮಧ್ಯಾಹ್ನದ ಬಿಡುವಿನಲ್ಲಿ ಓಲ್ಡ್ ಏರ್‌ಪೋರ್ಟ್ ಬಡಾವಣೆಯ ನಮ್ಮ ಫ್ಲ್ಯಾಟಿನಲ್ಲಿ ಗಂಜಿ ಉಣ್ಣುತ್ತ ಹೆಂಡತಿ ಶಶಿಕಲಾಳಿಗೆ ಇದನ್ನೆಲ್ಲ ಹೇಳಿದೆ. ನಮ್ಮ ವೀಸಾ ಕ್ಲಿನಿಕ್ಕಿನ ಹೆಸರಲ್ಲಿತ್ತು. ಇಬ್ಬರು ಹೆಣ್ಣುಮಕ್ಕಳು ಶಾಲೆಗೆ ಹೋಗುತ್ತಿದ್ದರು.

"ನೀವು ಭುಜ ನೋಡುವವರು. ತಲೆಯ ವಿಷಯ ನಿಮಗೆಂತಕ್ಕೆ?" ಎಂದಳು. "ನಾಳೆ ಅವ ಕಂಪ್ಲೇಂಟ್ ಕೊಟ್ಟು ಕ್ಲಿನಿಕ್ಕಿನವ್ರು ವೀಸಾ ಕ್ಯಾನ್ಸಲ್ ಮಾಡಿದ್ರೆ ಮಕ್ಕಳ ಶಾಲೆ ಎಂತ ಮಾಡುದು?"

ಇನ್ನೊಂದು ಸೌಟು ಗಂಜಿ ಬಡಿಸುತ್ತ ಅವಳೇ ಕೇಳಿದಳು. "ಆ ಹೆಂಗಸು ಅತ್ತಳಾ?"

"ಇಲ್ಲ."

"ಹಾಗಾದ್ರೆ ತುಂಬ ದಿನದಿಂದ ಉಂಟು ಅದು. ಬರೆಯಿರಿ."

ಒಂಬತ್ತನೇ ವಾರದ ಕೊನೆಗೆ ಭುಜ ನೂರ ಅರವತ್ತೈದು ಡಿಗ್ರಿ ಎದ್ದಿತು. ಎರಡೂ ಕೈಗಳ ಶಕ್ತಿ ಹೆಚ್ಚುಕಡಿಮೆ ಸಮ. ನನ್ನ ವೃತ್ತಿಯ ಲೆಕ್ಕದಲ್ಲಿ ಅದು ಒಳ್ಳೆಯ ಕೆಲಸ. ಫಾರ್ಮಿನಲ್ಲಿ ಕೇಳಿದ್ದು ಭುಜ ಮತ್ತು ಮೊಣಕಾಲು ಮಾತ್ರ. ಕೊನೆಯಲ್ಲಿ 'ಇತರೆ ಷರಾ' ಎಂದು ಒಂದು ಸಾಲಿನ ಜಾಗವಿತ್ತು. ನಾನು ಭುಜ, ಮೊಣಕಾಲು ಎರಡಕ್ಕೂ ಫಿಟ್ ಎಂದು ಬರೆದು, ಷರಾದಲ್ಲಿ ಬ್ಯಾಲೆನ್ಸ್ ಪರೀಕ್ಷೆಯ ಮೂರು ದಿನದ ಫಲಿತಾಂಶ ನಮೂದಿಸಿ, ನ್ಯೂರಾಲಜಿಸ್ಟ್ ನೋಡುವವರೆಗೆ ಮೈ ಡಿಕ್ಕಿಯಾಗುವ ಆಟ ಬೇಡ ಎಂದು ಸೇರಿಸಿದೆ. ಕಾರಿನ ವಿಷಯವನ್ನೂ ಮನೆಯ ಮಾತನ್ನೂ ಬರೆಯಲಿಲ್ಲ.

ಸಹಿ ಹಾಕಬೇಕಾದವರು ಮೂಳೆತಜ್ಞ ಡಾ. ಕುರಿಯನ್, ಒಳ್ಳೆಯ ಮನುಷ್ಯ. ಅವರೂ ದಣಿದಿದ್ದರು.

"ಸುಧಾಕರ್, ಕೇಳಿದ್ದು ಭುಜ, ಮೊಣಕಾಲು. ಖಲಾಸ್. ಕೇಳದೇ ಇದ್ದದ್ದು ಬರೆದರೆ ಮ್ಯಾನೇಜರಿಗೆ ಉತ್ತರ ಹೇಳುವವರು ಯಾರು?"

"ನನ್ನ ಹೆಸರಲ್ಲೇ ಇರಲಿ ಡಾಕ್ಟ್ರೇ. ಪರೀಕ್ಷೆ ಮಾಡಿದ್ದು ನಾನು."

ಅವರು ಫಾರ್ಮನ್ನು ಇನ್ನೊಮ್ಮೆ ಓದಿದರು. "ನಾಲ್ಕು ಸೆಕೆಂಡಾ?" ಎಂದರು. ಸಹಿ ಹಾಕಿದರು.

ಮಾರೆಕ್ ಅದನ್ನು ನನ್ನೆದುರೇ ಓದಿದ. ಇಂಗ್ಲಿಷ್ ನಿಧಾನ, ಸಮಯ ಹಿಡಿಯಿತು. ಧ್ವನಿ ಏರಿಸಲಿಲ್ಲ.

"ನಾನು ನಿನಗೆ ತಂದು ಕೊಟ್ಟದ್ದು ಭುಜ" ಎಂದ. "ತಲೆ ನೋಡು ಅಂತ ಯಾರು ಹೇಳಿದರು?"

"ಯಾರೂ ಹೇಳಲಿಲ್ಲ."

ಫಾರ್ಮನ್ನು ಮೇಜಿನ ಮೇಲೆಯೇ ಬಿಟ್ಟು ಹೋದ. ಎರಡು ವಾರ ಕಳೆದು ಜುಜಾನಾ ಫೋನ್ ಮಾಡಿದಳು. ಬೇರೊಂದು ಕ್ಲಿನಿಕ್ಕಿನಲ್ಲಿ ಹೊಸ ಫಾರ್ಮು ತುಂಬಿಸಿಕೊಂಡನಂತೆ. ಅಲ್ಲಿ ಭುಜ ಎತ್ತಿಸಿ ನೋಡಿ ಹತ್ತೇ ನಿಮಿಷದಲ್ಲಿ ಕಳಿಸಿದರಂತೆ. ಅವರನ್ನು ದೂರುವಂತಿಲ್ಲ, ಭುಜ ಚೆನ್ನಾಗಿಯೇ ಇತ್ತು, ಸರಿಮಾಡಿದವನು ನಾನೇ. ಜುಲೈಯಲ್ಲಿ ಅವನೊಬ್ಬನೇ ಊರಿಗೆ ಹೋದ. ಆ ಷರಾ ಬರೆದದ್ದಕ್ಕೆ ಮ್ಯಾನೇಜರು ನನ್ನನ್ನು ಕರೆಸಿ ಎರಡು ಮಾತು ಕೇಳಿದರು, ವೀಸಾಕ್ಕೇನೂ ಆಗಲಿಲ್ಲ. ನಾನು ಮತ್ತೆ ದಿನಕ್ಕೆ ಹದಿನೆಂಟು ಜನರಿಗೆ ಮರಳಿದೆ. ಬರೆದದ್ದು ವ್ಯರ್ಥವಾಯಿತೆಂಬ ಬೇಸರಕ್ಕಿಂತ, ಬರೆಯಲು ಏಳನೇ ವಾರದಿಂದ ಒಂಬತ್ತನೇ ವಾರದವರೆಗೆ ಯಾಕೆ ಕಾದೆ ಎಂಬುದು ಹೆಚ್ಚು ಕಾಡುತ್ತಿತ್ತು.

ಅಕ್ಟೋಬರಿನಲ್ಲಿ ಬೆಳಗಿನ ಪಾಳಿ ಮುಗಿಯುವ ಹೊತ್ತಿಗೆ ಮಾರೆಕ್ ಪರದೆ ಸರಿಸಿ ಒಳಬಂದ. ಟ್ಯೂಬ್‌ಲೈಟ್ ನಾನೇ ಆರಿಸಿದೆ. ಸ್ಟೂಲಿನ ಮೇಲೆ ಕೂತು ಹೇಳಿದ.

"ಕ್ಲಬ್ಬಿನ ಪರೀಕ್ಷೆ ಪಾಸಾದೆ. ಇಪ್ಪತ್ತು ದಿನ ಅಭ್ಯಾಸ ಮಾಡಿದೆ. ಒಂದು ಬೆಳಿಗ್ಗೆ ಗೋಲಿನ ಹಿಂದೆ ಬಿಲ್ಲೆ ಸಿಕ್ಕಿತು, ತಿರುಗಿದೆ. ಯಾವ ಗೋಲು ನಮ್ಮದು ಅಂತ ಗೊತ್ತಾಗಲಿಲ್ಲ. ಮೂರು ಸೆಕೆಂಡು ಇರಬಹುದು. ಯಾರೂ ಗುದ್ದಿರಲಿಲ್ಲ. ಎಳೆಯರೆಲ್ಲ ನಾನು ಬೇಕೆಂದೇ ತಡೆದು ನಿಂತಿದ್ದೇನೆ, ಅನುಭವಸ್ಥ ಅಂದುಕೊಂಡರು. ಕೋಚ್ ಶಹಬ್ಬಾಸ್ ಅಂದ."

"ಆಮೇಲೆ?"

"ಒಳಗೆ ಹೋಗಿ ಸ್ಕೇಟ್ಸ್ ಬಿಚ್ಚಿದೆ. ನ್ಯೂರಾಲಜಿಸ್ಟ್ ಹತ್ತಿರ ಹೋದೆ. ಇನ್ನು ಆಟ ಬೇಡ ಅಂದರು. ಮಕ್ಕಳಿಗೆ ಹೇಳಿಕೊಡಬಹುದಂತೆ."

ಮಾಲಿನ ಕೆಲಸ ಅವನಿಗಾಗಿ ಉಳಿದಿತ್ತು. ಅವನು ನನಗೆ ಕೃತಜ್ಞತೆ ಹೇಳಲು ಬಂದಿರಲಿಲ್ಲ, ಕೋಪವೂ ಪೂರ್ತಿ ಇಳಿದಿರಲಿಲ್ಲ. ಏಳುವ ಮುಂಚೆ ನೆಲ ನೋಡುತ್ತ ಕೇಳಿದ.

"ಆವತ್ತು ಜುಜಾನಾ ನಿನಗೆ ಏನಾದರೂ ಹೇಳಿದ್ದಳಾ?"

"ಇಲ್ಲ" ಎಂದೆ. "ನಾನೇ ನೋಡಿದ್ದು, ನಾನೇ ಬರೆದದ್ದು."

ಅವನು ತಲೆಯಾಡಿಸಿದ. ಮುಖದಲ್ಲಿ ಏನೋ ಸಡಿಲವಾಯಿತು. "ನೀನು ಕೆಟ್ಟವನು, ಸುಧಾ" ಎಂದು ಹೇಳಿ, ಬಲಗೈಯನ್ನು ನೋವಿಲ್ಲದೆ ಪೂರ್ತಿ ಮೇಲೆತ್ತಿ ಪರದೆ ಸರಿಸಿಕೊಂಡು ಮನೆಗೆ ಹೋದ.

ಅದಾದ ಮೇಲೂ ಹದಿನಾಲ್ಕು ವರ್ಷ ಕೆಲಸ ಮಾಡಿ ನಿವೃತ್ತನಾದೆ. ಕೀಲುಗಳ ವಿಷಯದಲ್ಲಿ ಓದಿ ಕಲಿತದ್ದು ಬಹಳವಿದೆ. ಮಾರೆಕ್‌ನಿಂದ ಕಲಿತದ್ದು ಓದಿಗೆ ಸಿಗುವಂಥದ್ದಲ್ಲ. ಮುಗಿದುಹೋದದ್ದಕ್ಕಾಗಿ ಮನುಷ್ಯನಿಗೆ ಯಾರಾದರೊಬ್ಬರ ಮೇಲೆ ಸಿಟ್ಟು ಬೇಕಾಗುತ್ತದೆ. ಅದು ಮನೆಯವರ ಮೇಲೆ ಬಿದ್ದರೆ ಮನೆ ತಾಳುವುದಿಲ್ಲ. ಬಿಳಿ ಕೋಟು ಹಾಕಿಕೊಂಡ ಪರಕೀಯನಾದರೆ ತಾಳಿಕೊಳ್ಳುತ್ತಾನೆ. ಅವನಿಗೆ ಆ ಸಿಟ್ಟನ್ನು ಹೊತ್ತು ಕೂರಲು ಪುರುಸೊತ್ತಿಲ್ಲ, ಸಂಜೆ ನಾಲ್ಕಕ್ಕೆ ಮುಂದಿನ ರೋಗಿ ಬಂದಿರುತ್ತಾನೆ.